ರಕ್ತದ ವರದಿಯ ಆಚೆಗೆ ನೋಡಿದ ಲೂಸಿ ವಿಲ್ಸ್

ರಕ್ತಪರೀಕ್ಷೆಯ ವರದಿಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಎಂದು ಕಂಡರೆ ಸಾಕು, ನಮ್ಮಲ್ಲಿ ಅನೇಕರು ಕಬ್ಬಿಣಾಂಶದ ಮಾತ್ರೆಗೆ ಮೊರೆಹೋಗುತ್ತಾರೆ. ಅದೇ ಹಾಳೆಯಲ್ಲಿ ಕೆಲವು ಸಾಲುಗಳ ಕೆಳಗೆ ಎಂಸಿವಿ ಎಂಬ ಇನ್ನೊಂದು ಅಂಕಿ ಇರುತ್ತದೆ. ಅದು ಕೆಂಪು ರಕ್ತಕಣದ ಸರಾಸರಿ ಗಾತ್ರ. ವಯಸ್ಕರಲ್ಲಿ ಸಾಮಾನ್ಯವಾಗಿ 80ರಿಂದ 100 ಫೆಮ್ಟೊಲೀಟರ್. ಯಾರೂ ಗಮನಿಸದ ಈ ಸಾಲನ್ನು ಕಂಡಾಗಲೆಲ್ಲ ನನಗೆ ನೆನಪಾಗುವವರು ಲೂಸಿ ವಿಲ್ಸ್.

ಅವರು ಹುಟ್ಟಿದ್ದು 1888ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸಮೀಪದಲ್ಲಿ. ಕೇಂಬ್ರಿಜ್‌ನಲ್ಲಿ ಓದಿದ್ದು ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನ. ಮೊದಲ ಮಹಾಯುದ್ಧದ ಕಾಲದಲ್ಲಿ ದಕ್ಷಿಣ ಆಫ್ರಿಕದಲ್ಲಿ ಸ್ವಯಂಸೇವಕಿಯಾಗಿ ರೋಗಿಗಳ ಶುಶ್ರೂಷೆ ಮಾಡಿದರು. ಬಳಿಕ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆ ಸೇರಿ 1920ರಲ್ಲಿ ವೈದ್ಯೆಯಾದರು. ಆದರೂ ಅವರು ಆರಿಸಿಕೊಂಡದ್ದು ಪ್ರಯೋಗಾಲಯವನ್ನು.

1928ರಲ್ಲಿ ಅವರು ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ಬಂದರು. ಗರ್ಭಿಣಿಯರನ್ನು, ಅದರಲ್ಲೂ ಬಡ ಕುಟುಂಬಗಳ ಹೆಂಗಸರನ್ನು, ತೀವ್ರ ರಕ್ತಹೀನತೆಯೊಂದು ಬಲಿ ತೆಗೆದುಕೊಳ್ಳುತ್ತಿತ್ತು. ಕಬ್ಬಿಣಾಂಶದ ಕೊರತೆಯಲ್ಲಿ ಕೆಂಪುಕಣಗಳು ಕುಗ್ಗುತ್ತವೆ. ಈ ಹೆಂಗಸರ ರಕ್ತದಲ್ಲಿ ಅವು ಹಿಗ್ಗಿದ್ದವು. ಸೂಕ್ಷ್ಮದರ್ಶಕದಲ್ಲಿ ಕಾಣುತ್ತಿದ್ದ ಚಿತ್ರ ಪಶ್ಚಿಮದ ವೈದ್ಯರಿಗೆ ಪರಿಚಿತವಾಗಿದ್ದ ಪರ್ನಿಷಿಯಸ್ ಅನೀಮಿಯಾವನ್ನೇ ಹೋಲುತ್ತಿತ್ತು. ಆ ಹೆಸರನ್ನೇ ಇದಕ್ಕೂ ಅಂಟಿಸಿ ಸುಮ್ಮನಾಗಬಹುದಿತ್ತು. ಲೂಸಿ ಸುಮ್ಮನಾಗಲಿಲ್ಲ. ಸೋಂಕು ಕಾರಣವಿರಬಹುದೇ ಎಂದು ಹುಡುಕಿದರು, ಸಿಗಲಿಲ್ಲ. ಆಗ ಆ ಹೆಂಗಸರು ಏನನ್ನು ಉಣ್ಣುತ್ತಿದ್ದಾರೆಂದು ವಿಚಾರಿಸತೊಡಗಿದರು. ಊಟ ಬಡವಾದಷ್ಟೂ ಕಾಯಿಲೆ ಹೆಚ್ಚೆಂಬುದು ತಿಳಿದುಬಂತು.

ಮುಂದೆ ನೀಲಗಿರಿಯ ಕೂನೂರಿನಲ್ಲಿ ಪ್ರಯೋಗ ಮುಂದುವರಿಯಿತು. ಅದೇ ಬಗೆಯ ಕೊರತೆಯ ಆಹಾರ ತಿಂದು ರಕ್ತಹೀನವಾಗಿದ್ದ ಕೋತಿಗಳು ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರದಿಂದ ಚೇತರಿಸಿಕೊಂಡವು. ಗರ್ಭಿಣಿಯರೂ ಚೇತರಿಸಿಕೊಂಡರು. 1931ರಲ್ಲಿ ಈ ವಿವರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಪರ್ನಿಷಿಯಸ್ ಅನೀಮಿಯಾವನ್ನು ಗುಣಪಡಿಸುತ್ತಿದ್ದ ಶುದ್ಧೀಕರಿಸಿದ ಯಕೃತ್ತಿನ ಸಾರ ಈ ಕಾಯಿಲೆಗೆ ನಾಟದೆಂಬುದನ್ನೂ ಅವರು ತೋರಿಸಿದರು. ರಕ್ತದ ಚಿತ್ರ ಒಂದೇ, ಕೊರತೆಗಳು ಎರಡು. ಲೂಸಿ ಗುರುತಿಸಿದ ಅಂಶವೇ ಫೋಲಿಕ್ ಆಮ್ಲ. 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಟ್ಟಾಗ ಅದಕ್ಕೆ ಆ ಹೆಸರು ಬಂತು. 1945ರಲ್ಲಿ ಅದರ ಕೃತಕ ತಯಾರಿಕೆಯನ್ನು ಸಾಧಿಸಿದ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಗೆ ಮುಖ್ಯಸ್ಥರಾಗಿದ್ದವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಇನ್ನೊಂದು ಕೊರತೆಯ ಹೆಸರು ಬಿ12. ಅದು ಬೇರ್ಪಟ್ಟದ್ದು 1948ರಲ್ಲಿ.

ಈ ವ್ಯತ್ಯಾಸ ಇಂದಿಗೂ ಪ್ರಾಣದ ಪ್ರಶ್ನೆಯೇ. ಬಿ12 ಕೊರತೆಯಿರುವವರು ಫೋಲಿಕ್ ಆಮ್ಲವನ್ನಷ್ಟೇ ನುಂಗಿದರೆ ರಕ್ತದ ಅಂಕಿಗಳು ಸುಧಾರಿಸುತ್ತವೆ. ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ಸಸ್ಯಾಹಾರಿ ಮನೆಗಳಲ್ಲಿ ಬಿ12ಗೆ ಹಾಲು, ಮೊಸರೇ ಮುಖ್ಯ ಆಧಾರವಾದ್ದರಿಂದ ಇದು ನಮಗೆ ದೂರದ ಸಂಗತಿಯಲ್ಲ. ಎಂಸಿವಿ ಏರಲು ಮದ್ಯಪಾನ, ಯಕೃತ್ತಿನ ಕಾಯಿಲೆ, ಥೈರಾಯ್ಡ್ ಕೊರತೆ, ಕೆಲವು ಔಷಧಗಳು, ಅಪರೂಪಕ್ಕೆ ಅಸ್ಥಿಮಜ್ಜೆಯ ರೋಗವೂ ಕಾರಣವಾಗಬಹುದು. ಅದು ಇಳಿದಿದ್ದರೆ ಕಬ್ಬಿಣಾಂಶದ ಕೊರತೆಯಿರಬಹುದು, ಅನುವಂಶೀಯ ಥಲಸ್ಸೇಮಿಯಾ ಗುಣವೂ ಇರಬಹುದು. ಎರಡನೆಯದಕ್ಕೆ ಕಬ್ಬಿಣ ಮದ್ದಲ್ಲ. ಕಬ್ಬಿಣ, ಬಿ12 ಎರಡೂ ಕಡಿಮೆಯಿದ್ದಾಗ ಎಂಸಿವಿ ಸಹಜವಾಗಿಯೇ ಕಾಣಿಸಿ ಕಣ್ಣಿಗೆ ಮಣ್ಣೆರಚುವುದೂ ಉಂಟು. ವರದಿ ಹಿಡಿದು ಔಷಧದಂಗಡಿಗಿಂತ ಮೊದಲು ವೈದ್ಯರ ಬಳಿಗೆ ಹೋಗಬೇಕೆನ್ನುವುದು ಇದಕ್ಕೇ.

ಸೈಕಲ್ಲಿನಲ್ಲೇ ಆಸ್ಪತ್ರೆಗೆ ಬರುತ್ತಿದ್ದ ಲೂಸಿ 1947ರಲ್ಲಿ ನಿವೃತ್ತರಾದರು. ಬಳಿಕ ಚೆಲ್ಸಿಯಲ್ಲಿ ಲೇಬರ್ ಪಕ್ಷದ ಸ್ಥಳೀಯ ಪ್ರತಿನಿಧಿಯಾಗಿದ್ದು, 1964ರಲ್ಲಿ ತೀರಿಕೊಂಡರು. ಗರ್ಭಧಾರಣೆಗೆ ಮುನ್ನವೇ ಫೋಲಿಕ್ ಆಮ್ಲ ಸೇವಿಸಿದರೆ ಶಿಶುವಿನ ಮಿದುಳು, ಬೆನ್ನುಹುರಿಯ ಹಲವು ಜನ್ಮದೋಷಗಳನ್ನು ತಡೆಯಬಹುದೆಂದು 1991ರಲ್ಲಿ ಸಾಬೀತಾದುದನ್ನು ಕಾಣಲು ಅವರಿರಲಿಲ್ಲ. ದೇಶದ 15ರಿಂದ 49 ವಯೋಮಾನದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ರಕ್ತಹೀನರೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಇಂದು ಯಂತ್ರಗಳು ಕ್ಷಣಾರ್ಧದಲ್ಲಿ ಹತ್ತಾರು ಅಂಕಿಗಳನ್ನು ಮುದ್ರಿಸಿ ಕೊಡುತ್ತವೆ. ತಟ್ಟೆಯಲ್ಲಿ ಏನಿತ್ತೆಂದು ಕೇಳುವ ಕೆಲಸ ಮಾತ್ರ, ಲೂಸಿಯವರ ಕಾಲದಂತೆ, ಮನುಷ್ಯರಿಗೇ ಉಳಿದಿದೆ.