ಫ್ಲಾರೆನ್ಸ್ ನೈಟಿಂಗೇಲ್: ಗಮನಿಸಿ ಆರೈಕೆ ಮಾಡಲು ಕಲಿಸಿದವರು

ಮೇ 12 ಅಂತರರಾಷ್ಟ್ರೀಯ ದಾದಿಯರ ದಿನ. ಅದು ಫ್ಲಾರೆನ್ಸ್ ನೈಟಿಂಗೇಲ್ ಅವರ ಜನ್ಮದಿನ. ದೀಪ ಹಿಡಿದ ಮಹಿಳೆಯೆಂದು ನಾವೆಲ್ಲರೂ ಅವರನ್ನು ಬಲ್ಲೆವು. ವೃದ್ಧರ ಸೇವೆ ಮಾಡುವವರು ಅವರಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ.

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಶ್ರೀಮಂತ ಆಂಗ್ಲ ಕುಟುಂಬದಲ್ಲಿ ಹುಟ್ಟಿದ ಅವರು, ಮನೆಯವರ ವಿರೋಧದ ನಡುವೆಯೂ ದಾದಿಯಾದರು. 1853ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟ್‌ನಲ್ಲಿದ್ದ ಅಸ್ವಸ್ಥ ಮಹಿಳೆಯರ ಸಣ್ಣ ಆರೈಕೆ ಮನೆಯ ಮೇಲ್ವಿಚಾರಕಿಯಾದರು. ಕಥೋಲಿಕರೂ ಸೇರಿದಂತೆ ಎಲ್ಲ ಮತದವರಿಗೂ ಅಲ್ಲಿ ಪ್ರವೇಶವಿರಬೇಕೆಂದು ಹಟ ಹಿಡಿದರು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ 38 ಮಹಿಳೆಯರೊಂದಿಗೆ ಸ್ಕುಟಾರಿಗೆ ಹೊರಟರು. ಅವರಲ್ಲಿ 10 ಮಂದಿ ಕಥೋಲಿಕ ಧರ್ಮಭಗಿನಿಯರು. ಗಾಯಗಳಿಗಿಂತ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂಬುದನ್ನು ಮುಂದೆ ಅಂಕಿಅಂಶಗಳಿಂದಲೇ ತೋರಿಸಿಕೊಟ್ಟರು.

1859ರಲ್ಲಿ ಶುಶ್ರೂಷೆಯ ಬಗ್ಗೆ ಪುಸ್ತಕ ಬರೆದರು. ಮರುವರ್ಷ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ದಾದಿಯರ ಶಾಲೆ ತೆರೆಯಿತು. ರೋಗಿ ಚೆನ್ನಾಗಿ ಮಲಗಿದರೇ ಎಂದಷ್ಟೇ ಕೇಳಿದರೆ ಸಾಲದು, ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ಮಲಗಿದರೆಂದು ತಿಳಿಯಬೇಕು ಎಂಬುದು ಆ ಪುಸ್ತಕದ ಪಾಠ. ಊಟ ಬಿಟ್ಟರೆ ಹಸಿವಿಲ್ಲವೆಂದು ಬರೆದು ಸುಮ್ಮನಾಗುವಂತಿಲ್ಲ. ಅಡುಗೆ, ಆಹಾರದ ಆಯ್ಕೆ, ಕೊಡುವ ಹೊತ್ತು, ಎಲ್ಲವನ್ನೂ ವಿಚಾರಿಸಬೇಕು. ದಾದಿ ಇಲ್ಲದ ಹೊತ್ತಿನಲ್ಲೂ ಆರೈಕೆ ತಪ್ಪದಂತೆ ಏರ್ಪಾಟು ಇರಬೇಕು.

ನಮ್ಮ ವೃದ್ಧಾಶ್ರಮಗಳಿಗೂ ಈ ಮಾತು ಸಲ್ಲುತ್ತದೆ. ಸೇರಿದ ದಿನ ಕೋಲೂರಿ ನಡೆಯುತ್ತಿದ್ದ ಅಜ್ಜಿಗೆ ಆರು ತಿಂಗಳಲ್ಲಿ ಇಬ್ಬರ ಆಸರೆ ಬೇಕಾಗಬಹುದು. ಅನ್ನ ಉಣ್ಣುತ್ತಿದ್ದ ಅಜ್ಜನಿಗೆ ಗಂಜಿಯನ್ನೂ ನುಂಗುವುದು ಕಷ್ಟವಾಗಬಹುದು. ಕಡತದಲ್ಲಿ ಮಾತ್ರ ಹಳೆಯ ಹಾಳೆಯೇ ಉಳಿದಿದ್ದರೆ, ರಾತ್ರಿ ಪಾಳಿಗೆ ಬಂದ ಹೊಸಬರು ಅದನ್ನೇ ನಂಬುತ್ತಾರೆ. ಅಜ್ಜಿ ಬೀಳುತ್ತಾರೆ, ಅಜ್ಜನಿಗೆ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಯಾರಾದರೂ ಬಿದ್ದಾಗ, ಔಷಧಿ ಬದಲಾದಾಗ, ಆಸ್ಪತ್ರೆಯಿಂದ ಮರಳಿದಾಗ ಆರೈಕೆಯ ಯೋಜನೆಯನ್ನು ಅಂದೇ ತಿದ್ದಿ, ಮುಂದಿನ ಪಾಳಿಯವರಿಗೆ ತಿಳಿಸೋಣ. ಬದಲಾವಣೆ ಕಾಣದಿದ್ದರೂ ಆಗಾಗ ಪರಿಶೀಲಿಸೋಣ. ಆ ಹಿರಿಯರನ್ನೂ ಮನೆಯವರನ್ನೂ ಕೇಳೋಣ.

ನೈಟಿಂಗೇಲ್ ಅವರ ಕೊನೆಯ ವರ್ಷಗಳಲ್ಲಿ ಕಣ್ಣು ಕಾಣದಾಯಿತು, ನೆನಪೂ ಕುಂದಿತು. ಸಾವಿರಾರು ಜನರ ಆರೈಕೆ ಮಾಡಿಸಿದವರೇ ಇತರರ ಆರೈಕೆಯಲ್ಲಿ ಬದುಕಿ, 1910ರ ಆಗಸ್ಟ್ 13ರಂದು 90ನೇ ವಯಸ್ಸಿನಲ್ಲಿ ತೀರಿಕೊಂಡರು. ನಾಳೆ ಆ ಹಾಸಿಗೆಯಲ್ಲಿ ನಾವೂ ಇರಬಹುದು. ನಮ್ಮ ಹಾಳೆಯಲ್ಲಿ ಅಂದಿನ ಸ್ಥಿತಿಯೇ ಬರೆದಿರಲಿ ಎಂದು ನಾವೂ ಬಯಸುತ್ತೇವೆ.