ಜೀವಸತ್ವ ‘ಸಿ’ ಕಂಡುಹಿಡಿದ ಆಲ್ಬರ್ಟ್ ಸೆಂಟ್-ಜ್ಯೋರ್ಜಿ

ರಾಯದುರ್ಗ, ಮಡಕಶಿರಾ ಸೀಮೆಯ ನಮ್ಮ ಮನೆಗಳಲ್ಲಿ ಬದನೆಕಾಯಿಯನ್ನು ಹೆಚ್ಚಿದ ಕೂಡಲೇ ನೀರಿಗೆ ಹಾಕುವುದು ವಾಡಿಕೆ. ಹಾಗೇ ಬಿಟ್ಟರೆ ಹೋಳುಗಳು ಕಪ್ಪಾಗುತ್ತವೆ. ನಿಂಬೆಹಣ್ಣನ್ನು ಕೊಯ್ದಿಟ್ಟರೆ ಅದು ಹಾಗೆ ಕಪ್ಪಾಗುವುದಿಲ್ಲ. ದಿನವೂ ಕಣ್ಣಿಗೆ ಬೀಳುವ ಈ ವ್ಯತ್ಯಾಸವನ್ನು ನಾವು ಯಾರೂ ಪ್ರಶ್ನಿಸುವುದಿಲ್ಲ. ಅದನ್ನು ಪ್ರಶ್ನಿಸಿ ಜಗತ್ತಿಗೆ ಮಹೋಪಕಾರ ಮಾಡಿದ ವಿಜ್ಞಾನಿಯೇ ಆಲ್ಬರ್ಟ್ ಸೆಂಟ್-ಜ್ಯೋರ್ಜಿ.

ಅವರು ಹಂಗೇರಿ ದೇಶದ ಬುಡಾಪೆಸ್ಟ್ ನಗರದಲ್ಲಿ 1893ರ ಸೆಪ್ಟೆಂಬರ್ 16ರಂದು ಜನಿಸಿದರು. ಬಾಲ್ಯದಲ್ಲಿ ಓದಿನಲ್ಲಿ ಹಿಂದೆ. ಸೋದರಮಾವ ಹೆಸರಾಂತ ಅಂಗರಚನಾ ಶಾಸ್ತ್ರಜ್ಞರು. ಈ ಹುಡುಗ ವಿಜ್ಞಾನಕ್ಕೆ ತಕ್ಕವನಲ್ಲವೆಂದು ಅವರೇ ಭಾವಿಸಿದ್ದರು. ಆದರೆ ಹದಿನಾರರ ವಯಸ್ಸಿನ ಹೊತ್ತಿಗೆ ಹುಡುಗನಿಗೆ ಪುಸ್ತಕಗಳ ರುಚಿ ಹತ್ತಿತು. 1911ರಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿ ಆ ಮಾವನ ಪ್ರಯೋಗಶಾಲೆಯಲ್ಲಿಯೇ ಕೆಲಸ ಕಲಿತರು.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. ರಣರಂಗದಲ್ಲಿ ಶೌರ್ಯಪದಕ ಪಡೆದರೂ ವ್ಯರ್ಥವಾದ ಸಾವುನೋವು ಕಂಡು ಅವರ ಮನಸ್ಸು ರೋಸಿತು. 1916ರಲ್ಲಿ ತಮ್ಮ ತೋಳಿಗೆ ತಾವೇ ಗುಂಡು ಹೊಡೆದುಕೊಂಡು ಊರಿಗೆ ಮರಳಿ, 1917ರಲ್ಲಿ ವೈದ್ಯ ಪದವಿ ಪಡೆದರು. ಯುದ್ಧಾನಂತರ ಹೆಂಡತಿ, ಮಗಳೊಡನೆ ಬಡತನದಲ್ಲಿ ಊರೂರು ಅಲೆದು, ಹಾಲೆಂಡಿನ ಗ್ರೋನಿಂಗೆನ್ ಸೇರಿದರು.

ಅಲ್ಲಿ ಅವರು ಆರಿಸಿಕೊಂಡ ವಿಷಯ ಸಸ್ಯಗಳ ಉಸಿರಾಟ. ಆಲೂಗಡ್ಡೆ, ಸೇಬು, ಬಾಳೆಗಳಲ್ಲಿ ಕ್ಯಾಟೆಕಾಲ್ ಬಗೆಯ ವಸ್ತುಗಳಿವೆ. ಕ್ಯಾಟೆಕಾಲ್ ಎಂಬ ಹೆಸರಿನ ಮೂಲ ನಮ್ಮ ವೀಳ್ಯದ ಕಾಚು ಎಂಬುದನ್ನು ಇಲ್ಲಿ ನೆನೆಯಬಹುದು. ಹೋಳು ಮಾಡಿದಾಗ ಜೀವಕೋಶಗಳು ಒಡೆದು, ಒಂದು ಕಿಣ್ವದ ನೆರವಿನಿಂದ ಗಾಳಿಯ ಆಮ್ಲಜನಕವು ಈ ವಸ್ತುಗಳನ್ನು ಉತ್ಕರ್ಷಿಸುತ್ತದೆ. ಆಗ ಹುಟ್ಟುವ ಕ್ವಿನೋನುಗಳು ಒಂದಕ್ಕೊಂದು ಬೆಸೆದು ಕಂದುಬಣ್ಣ ಬರುತ್ತದೆ. ಈ ಕಿಣ್ವದ ಶಕ್ತಿಯೆಲ್ಲ ಅದು ಹಿಡಿದಿಟ್ಟುಕೊಂಡಿರುವ ತಾಮ್ರದಲ್ಲಿದೆಯೆಂಬುದು 1930ರ ದಶಕದ ಕೊನೆಗೆ ಖಚಿತವಾಯಿತು. ಒಂದೊಂದು ಕೇಂದ್ರದಲ್ಲಿ ಎರಡು ತಾಮ್ರದ ಪರಮಾಣುಗಳು ಜೊತೆಯಾಗಿ ನಿಂತು ಆಮ್ಲಜನಕವನ್ನು ಹಿಡಿಯುತ್ತವೆ. ರಸಾಯನಶಾಸ್ತ್ರಜ್ಞರು ಇದನ್ನೇ ಅನುಕರಿಸಿ, ಅದೇ ಕೆಲಸ ಮಾಡುವ ತಾಮ್ರದ ಸಣ್ಣ ಸಂಕೀರ್ಣಗಳನ್ನು ತಯಾರಿಸಿದ್ದಾರೆ.

ಕಪ್ಪಾಗದ ಸಸ್ಯಗಳಲ್ಲಿ ಇನ್ನೊಂದು ಕಿಣ್ವ ಕೆಲಸ ಮಾಡುತ್ತಿತ್ತು. ಶುದ್ಧ ಕಿಣ್ವವನ್ನು ಬೆರೆಸಿದರೆ ಪರೀಕ್ಷಾದ್ರಾವಣ ತಕ್ಷಣ ನೀಲಿಯಾಗುತ್ತಿತ್ತು. ಹಿಂಡಿದ ರಸವನ್ನೇ ಬೆರೆಸಿದರೆ ಸುಮಾರು ಒಂದು ಸೆಕೆಂಡ್ ತಡವಾಗುತ್ತಿತ್ತು. ಬೇರೆಯವರಾದರೆ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ರಸದಲ್ಲಿ ಉತ್ಕರ್ಷಣವನ್ನು ತಡೆಹಿಡಿಯುವ ವಸ್ತುವೊಂದಿದೆಯೆಂದು ಸೆಂಟ್-ಜ್ಯೋರ್ಜಿ ಗ್ರಹಿಸಿದರು.

ಆದರೆ ಪ್ರೋತ್ಸಾಹ ನೀಡಿದ್ದ ಪ್ರಾಧ್ಯಾಪಕರು ತೀರಿಕೊಂಡು ಅವರ ಕೆಲಸಕ್ಕೆ ಸಂಚಕಾರ ಬಂದಿತು. 1926ರಲ್ಲಿ ಸ್ಟಾಕ್‌ಹೋಮ್ ಸಮ್ಮೇಳನಕ್ಕೆ ನಿರಾಶರಾಗಿಯೇ ಹೋದರು. ಅಲ್ಲಿ ಇಂಗ್ಲೆಂಡಿನ ಹಾಪ್‌ಕಿನ್ಸ್ ತಮ್ಮ ಭಾಷಣದಲ್ಲಿ ಇವರ ಹೆಸರೆತ್ತಿ ಹೊಗಳಿದರು, ಕೇಂಬ್ರಿಜ್‌ಗೂ ಕರೆಸಿಕೊಂಡರು. ದನಗಳ ಅಡ್ರಿನಲ್ ಗ್ರಂಥಿ, ಕಿತ್ತಳೆ, ಎಲೆಕೋಸುಗಳಿಂದ ಆ ವಸ್ತುವಿನ ಹರಳುಗಳು ದೊರೆತವು. 1928ರಲ್ಲಿ ಅದಕ್ಕೆ ಹೆಕ್ಸುರಾನಿಕ್ ಆಮ್ಲವೆಂಬ ಹೆಸರು ಬಂದಿತು. ತಮಗೆ ತಿಳಿಯದ ಸಕ್ಕರೆ ಎಂಬರ್ಥದ ವಿನೋದದ ಹೆಸರನ್ನು ಅವರು ಮೊದಲು ಸೂಚಿಸಿದ್ದರಾದರೂ ಸಂಪಾದಕರು ಒಪ್ಪಲಿಲ್ಲ.

ಮುಂದೆ ಸ್ವದೇಶದ ಸೆಗೆಡ್ ನಗರದಲ್ಲಿ ಪ್ರಾಧ್ಯಾಪಕರಾದರು. ಸ್ವಿರ್ಬೆಲಿ ಎಂಬ ತರುಣ ಸಹಾಯಕನೊಡನೆ ಗಿನಿಯಿಲಿಗಳ ಮೇಲೆ ಪ್ರಯೋಗ ನಡೆಸಿ, ಒಸಡಿನಲ್ಲಿ ರಕ್ತ ಸುರಿಸಿ ನಾವಿಕರನ್ನು ಕೊಲ್ಲುತ್ತಿದ್ದ ಸ್ಕರ್ವಿ ರೋಗವನ್ನು ತಡೆಯುವ ಜೀವಸತ್ವ ‘ಸಿ’ ಇದೇ ಎಂದು 1932ರಲ್ಲಿ ಸಾರಿದರು. ಅಮೆರಿಕದ ಚಾರ್ಲ್ಸ್ ಕಿಂಗ್ ಅದೇ ವರ್ಷ ಅದೇ ಫಲಿತಾಂಶವನ್ನು ಪ್ರಕಟಿಸಿದ್ದರಿಂದ ಮೊದಲಿಗರು ಯಾರೆಂಬ ವಾದವೂ ನಡೆಯಿತು.

ಆದರೆ ಹರಳುಗಳು ಸಾಲದೆ ಕೆಲಸ ನಿಂತಿತು. ಒಂದು ರಾತ್ರಿ ಊಟಕ್ಕೆ ಹೆಂಡತಿ ಹಸಿ ದಪ್ಪಮೆಣಸಿನಕಾಯಿ ಬಡಿಸಿದರು. ತಿನ್ನಲು ಮನಸ್ಸಿಲ್ಲದೆ ಅದನ್ನೇ ಪ್ರಯೋಗಶಾಲೆಗೆ ಒಯ್ದು ಪರೀಕ್ಷಿಸಿದರೆ, ಅದು ಜೀವಸತ್ವದ ಕಣಜವೇ ಆಗಿತ್ತು! ಕೆಲವೇ ವಾರಗಳಲ್ಲಿ ಒಂದು ಕಿಲೋಗೂ ಮಿಕ್ಕಿ ಹರಳು ಸಿದ್ಧವಾಯಿತು. ಅದನ್ನು ತಾವೇ ಕಟ್ಟಿಟ್ಟುಕೊಳ್ಳದೆ ಇತರ ವಿಜ್ಞಾನಿಗಳಿಗೂ ಹಂಚಿದರು. 1937ರಲ್ಲಿ ನೊಬೆಲ್ ಪ್ರಶಸ್ತಿ ಅರಸಿಕೊಂಡು ಬಂದಿತು.

1940ರಲ್ಲಿ ಯುದ್ಧಪೀಡಿತ ಫಿನ್ಲೆಂಡಿಗೆ ತಮ್ಮ ನೊಬೆಲ್ ಪದಕವನ್ನೇ ಕೊಟ್ಟರು. ನಾಜಿಗಳನ್ನು ಎದುರಿಸಿದ್ದಕ್ಕಾಗಿ ಹಿಟ್ಲರ್ ಅವರ ಬಂಧನಕ್ಕೆ ಆಜ್ಞೆ ಮಾಡಿದನು. ತಲೆಮರೆಸಿಕೊಂಡು ಬದುಕುಳಿದು, 1947ರಲ್ಲಿ ಅಮೆರಿಕಕ್ಕೆ ತೆರಳಿದರು. ಸ್ನಾಯುಗಳ ಚಲನೆಯ ಕುರಿತೂ ಮಹತ್ವದ ಸಂಶೋಧನೆ ನಡೆಸಿ, 1986ರ ಅಕ್ಟೋಬರ್ 22ರಂದು ನಿಧನರಾದರು.

ಹಸಿಮೆಣಸಿನಕಾಯಿ, ನೆಲ್ಲಿಕಾಯಿ, ಸೀಬೆಹಣ್ಣುಗಳು ನಮ್ಮ ಸಂತೆಗಳಿಗೆ ಹೊಸವಲ್ಲ. ಅವುಗಳಲ್ಲಿರುವ ಜೀವಸತ್ವವನ್ನು ಮನುಷ್ಯನಿಗೆ ಪರಿಚಯಿಸಿದವರು ಶಾಲೆಯಲ್ಲಿ ಮುಂದಿದ್ದ ಹುಡುಗನಲ್ಲ, ಒಂದು ಸೆಕೆಂಡಿನ ತಡವನ್ನೂ ಕಡೆಗಣಿಸದೆ ಏಕೆ ಎಂದು ಕೇಳಿದವರು. ವಿದ್ಯಾರ್ಥಿಗಳಾದ ನಾವು ಅವರಿಂದ ಕಲಿಯಬೇಕಾದ ಪಾಠ ಇದೇ.