ಲ್ಯಾಕ್ರೋಸ್ ಕೈಕೊಟ್ಟಾಗ ಹುಟ್ಟಿದ ಆಟ

ಲಿಂಗಸುಗೂರಿನ ಕಾಲೇಜು ವಿದ್ಯಾರ್ಥಿಗಳ ಮುಂದೆ ಲ್ಯಾಕ್ರೋಸ್ ಎಂಬ ಹೆಸರೆತ್ತಿದರೆ, ಅದಾವ ಆಟವೆಂದು ಹೆಚ್ಚಿನವರು ಮರುಪ್ರಶ್ನೆ ಹಾಕಿಯಾರು. ತುದಿಗೆ ಬಲೆ ಕಟ್ಟಿದ ಕೋಲಿನಿಂದ ಚೆಂಡನ್ನು ಹಿಡಿದು ಎಸೆಯುವ ಈ ಆಟ ಉತ್ತರ ಅಮೆರಿಕದ ಮೂಲನಿವಾಸಿಗಳದು. ಬಾಸ್ಕೆಟ್‌ಬಾಲ್ ಹೆಸರನ್ನಾದರೋ ಕೇಳದವರಿಲ್ಲ. ಅದನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ ಸ್ವತಃ ನುರಿತ ಲ್ಯಾಕ್ರೋಸ್ ಆಟಗಾರರಾಗಿದ್ದರು.

1861ರ ನವೆಂಬರ್ 6ರಂದು ಕೆನಡಾದ ಆಲ್ಮಾಂಟ್ ಬಳಿ ಜನಿಸಿದ ನೈಸ್ಮಿತ್, ಒಂಬತ್ತನೇ ವಯಸ್ಸಿಗೆ ತಂದೆತಾಯಿಯರನ್ನು ವಿಷಮಶೀತ ಜ್ವರಕ್ಕೆ ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ನಡುವೆ ಶಾಲೆ ಬಿಟ್ಟು ಕಾಡಿನಲ್ಲಿ ಮರ ಕಡಿದದ್ದೂ ಉಂಟು. ಮತ್ತೆ ಓದಿಗೆ ಮರಳಿ, ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಪದವಿ ಪಡೆದು ದೇವತಾಶಾಸ್ತ್ರವನ್ನೂ ಅಭ್ಯಸಿಸಿದರು. ಅದೇ ನಗರದ ಶ್ಯಾಮ್‌ರಾಕ್ಸ್ ತಂಡದ ಪರವಾಗಿ ಲ್ಯಾಕ್ರೋಸ್ ಆಡಿದರು.

ಪಾದ್ರಿಯಾಗುವ ಬದಲು ಅವರು ಆರಿಸಿಕೊಂಡದ್ದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎಯ ಪುಟ್ಟ ತರಬೇತಿ ಕಾಲೇಜನ್ನು. 1891ರ ಚಳಿಗಾಲದಲ್ಲಿ ಕವಾಯತಿನಿಂದ ಬೇಸತ್ತ 18 ಮಂದಿ ತುಂಟ ವಿದ್ಯಾರ್ಥಿಗಳ ತರಗತಿ ಅವರ ಪಾಲಿಗೆ ಬಂತು. ಒಳಾಂಗಣಕ್ಕೊಪ್ಪುವ ಆಟವೊಂದನ್ನು ಹದಿನಾಲ್ಕು ದಿನಗಳಲ್ಲಿ ಹುಡುಕುವಂತೆ ಮೇಲಧಿಕಾರಿ ಲೂಥರ್ ಗುಲಿಕ್ ಸೂಚಿಸಿದರು. ಫುಟ್‌ಬಾಲ್ ಪ್ರಯೋಗ ಫಲಿಸಲಿಲ್ಲ. ತಮಗೆ ಪ್ರಿಯವಾದ ಲ್ಯಾಕ್ರೋಸ್ ಕೂಡ ಕೈಕೊಟ್ಟಿತು. ಇಕ್ಕಟ್ಟಾದ ಕೊಠಡಿಯಲ್ಲಿ ಬೀಸಿದ ಕೋಲುಗಳು ಮುಖಕ್ಕೂ ಕೈಗೂ ಬಡಿದವು.

ಗಾಯಕ್ಕೆ ಮೂಲ ಯಾವುದೆಂದು ನೈಸ್ಮಿತ್ ವಿವೇಚಿಸಿದರು. ಚೆಂಡು ಹಿಡಿದು ಓಡುವವನನ್ನು ಕೆಡವಲೇಬೇಕಾಗುತ್ತದೆ; ಆದ್ದರಿಂದ ಓಟವನ್ನೇ ನಿಷೇಧಿಸಿದರು. ಗುರಿ ನೇರ ಎದುರಿಗಿದ್ದರೆ ಬಲಪ್ರಯೋಗ ಹೆಚ್ಚುತ್ತದೆ; ಅದನ್ನು ತಲೆಯ ಮೇಲಕ್ಕೆ ಏರಿಸಿದರು. ಬಂಡೆಯ ಮೇಲಿಟ್ಟ ಕಲ್ಲನ್ನು ಕಲ್ಲೆಸೆದು ಉರುಳಿಸುವ ಬಾಲ್ಯದ ಆಟ, ನಮ್ಮ ಲಗೋರಿಯ ದೂರದ ನೆಂಟನೆನ್ನಬಹುದು, ಅವರ ನೆನಪಿಗೆ ಬಂದಿತ್ತು. ಮೆಲ್ಲಗೆ, ಕಮಾನಿನಂತೆ ಎಸೆದ ಕಲ್ಲೇ ಅಲ್ಲಿ ಗುರಿ ಮುಟ್ಟುತ್ತಿತ್ತು. ಹತ್ತು ಅಡಿ ಎತ್ತರದಲ್ಲಿ ಪೀಚ್ ಹಣ್ಣಿನ ಬುಟ್ಟಿಗಳನ್ನು ಮೊಳೆ ಹೊಡೆದು ನಿಲ್ಲಿಸಿ, 13 ನಿಯಮಗಳನ್ನು ಬರೆದು ಅಂಟಿಸಿದರು. ಮೊದಲ ಪಂದ್ಯದಲ್ಲಿ ಬಿದ್ದದ್ದು ಒಂದೇ ಗೋಲು.

ಕೆಲವೇ ವಾರಗಳಲ್ಲಿ ನೆರೆಯ ಶಾಲೆಯ ಶಿಕ್ಷಕಿಯರು ತಾವೂ ಆಡಬಹುದೇ ಎಂದು ವಿಚಾರಿಸಿದರು. ಹೆಣ್ಣುಮಕ್ಕಳಿಗೆ ವ್ಯಾಯಾಮವೇ ಅಪಾಯಕಾರಿ ಎಂದು ನಂಬಿದ್ದ ಕಾಲವದು, ನೈಸ್ಮಿತ್ ಹಿಂಜರಿಯಲಿಲ್ಲ. ಆರಂಭದ ಆಟಗಾರ್ತಿಯರಲ್ಲಿ ಒಬ್ಬರಾಗಿದ್ದ ಮಾಡ್ ಶೆರ್ಮನ್ 1894ರಲ್ಲಿ ಅವರ ಪತ್ನಿಯಾದರು. ಸಮೀಪದ ಸ್ಮಿತ್ ಮಹಿಳಾ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಈ ಆಟವನ್ನು ಬೆಳೆಸಿದರಾದರೂ, ಅಂಗಣವನ್ನು ಮೂರು ಭಾಗ ಮಾಡಿ ಆಟಗಾರ್ತಿಯರ ಓಡಾಟಕ್ಕೆ ಮಿತಿ ಹಾಕಿದರು.

ನೈಸ್ಮಿತ್ 1898ರಲ್ಲಿ ವೈದ್ಯ ಪದವಿ ಪಡೆದು ಕಾನ್ಸಾಸ್ ವಿಶ್ವವಿದ್ಯಾಲಯ ಸೇರಿದರು. ತರಬೇತುದಾರರಾಗಿ ಗೆದ್ದದ್ದು 55, ಸೋತದ್ದು 60. ಗೆಲುವಿನ ಹಂಬಲ ಅವರಿಗೆ ಅಷ್ಟಾಗಿ ಇರಲಿಲ್ಲ. ಕಪ್ಪುವರ್ಣೀಯನೆಂಬ ಕಾರಣಕ್ಕೆ ಅಲ್ಲಿನ ತಂಡದಲ್ಲಿ ಆಡಲಾಗದ ಜಾನ್ ಮೆಕ್ಲೆಂಡನ್ ಎಂಬ ವಿದ್ಯಾರ್ಥಿಗೆ 1930ರ ದಶಕದಲ್ಲಿ ಮಾರ್ಗದರ್ಶಕರಾದರು. ಆತ ಮುಂದೆ ಹೆಸರಾಂತ ತರಬೇತುದಾರನಾದ.

ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಶಾಲೆ ತೆರೆದರು. ಅಲ್ಲಿ ತರಬೇತಾದ ಶಿಕ್ಷಕರ ಮೂಲಕ ದಕ್ಷಿಣ ಭಾರತದ ಶಾಲಾ ಕಾಲೇಜುಗಳಿಗೆ ಆ ಪುಟ್ಟ ಕಾಲೇಜಿನ ಪರಂಪರೆ ಹರಿಯಿತು.

1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಪುರುಷರ ಬಾಸ್ಕೆಟ್‌ಬಾಲ್ ಸೇರಿದಾಗ ನೈಸ್ಮಿತ್ ಅಲ್ಲಿದ್ದರು. ಪ್ರಯಾಣದ ವೆಚ್ಚಕ್ಕೆ ತರಬೇತುದಾರರು ಹಣ ಕೂಡಿಸಿದ್ದರು. 1939ರ ನವೆಂಬರ್ 28ರಂದು ಅವರು ನಿಧನರಾದರು. ಮಹಿಳೆಯರ ಬಾಸ್ಕೆಟ್‌ಬಾಲ್‌ಗೆ ಒಲಿಂಪಿಕ್ಸ್ ಬಾಗಿಲು ತೆರೆದದ್ದು 1976ರಲ್ಲಿ, ನೈಸ್ಮಿತ್ ಲ್ಯಾಕ್ರೋಸ್ ಆಡಿದ್ದ ಮಾಂಟ್ರಿಯಲ್‌ನಲ್ಲಿ.